ಸಣ್ಣ ಮೀನುಗಾರಿಕೆ ದೋಣಿಗೆ ಲಂಗರು ಹಗ್ಗ, ಚೈನ್ ಆರಿಸುವುದು ಹೇಗೆ?

"ನನ್ನ ದೋಣಿ ಇಷ್ಟು ಅಡಿ, ಎಷ್ಟು ದಪ್ಪದ ಹಗ್ಗ ತಗೊಳ್ಳಲಿ?" ಲಂಗರಿನ ವಿಷಯ ಬಂದಾಗಲೆಲ್ಲ ಇದೊಂದೇ ಪ್ರಶ್ನೆ. ಉದ್ದ ಎಷ್ಟು ಬೇಕು ಅಂತ ಕೇಳುವವರು ಕಮ್ಮಿ. ಶ್ಯಾಕಲ್ (ಲಂಗರು, ಚೈನ್, ಹಗ್ಗ ಜೋಡಿಸುವ ಕೊಂಡಿ) ಯಾವುದು ಹಾಕಲಿ ಅಂತ ಕೇಳಿದವರಂತೂ ಬೆರಳೆಣಿಕೆಯಷ್ಟು. ಆದರೆ ದೋಣಿ ಲಂಗರು ಬಿಟ್ಟು ತೇಲಿಹೋಗುವುದು ಬಹಳ ಸಲ ಈ ಎರಡರಿಂದಲೇ. ಹಗ್ಗ ಗಿಡ್ಡ ಇರುತ್ತದೆ, ಇಲ್ಲವೇ ಯಾವುದೋ ಒಂದು ಜೋಡಣೆ ಕೈಕೊಡುತ್ತದೆ.

ಒಂದು ಲೆಕ್ಕ ನೋಡಿ. ದೋಣಿಗಳ ಸುರಕ್ಷತಾ ಮಾನದಂಡ ರೂಪಿಸುವ ಅಮೆರಿಕನ್ ಬೋಟ್ ಅಂಡ್ ಯಾಟ್ ಕೌನ್ಸಿಲ್‌ನ ಕೋಷ್ಟಕದ ಪ್ರಕಾರ 20 ಅಡಿ ದೋಣಿಗೆ 30 ನಾಟ್ ಗಾಳಿ, ಅಂದರೆ ಗಂಟೆಗೆ ಸುಮಾರು 55 ಕಿ.ಮೀ. ಬೀಸಿದರೆ ಲಂಗರಿನ ಮೇಲೆ ಬೀಳುವ ಎಳೆತ ಹೆಚ್ಚುಕಮ್ಮಿ 160 ಕೆ.ಜಿ. ಅಲೆಯಿಂದ ತಕ್ಕಮಟ್ಟಿಗೆ ಮರೆ ಇರುವ ಜಾಗಕ್ಕೆ ಹಾಕಿದ ಲೆಕ್ಕ ಇದು. 10 ಮಿ.ಮೀ. ನೈಲಾನ್ ಹಗ್ಗ ಕಡಿಯಲು ಸುಮಾರು 2,000 ಕೆ.ಜಿ. ಬೇಕು. ನೆನೆದರೆ ನೈಲಾನ್ ನೂರಕ್ಕೆ 10–15ರಷ್ಟು ಬಲ ಕಳೆದುಕೊಳ್ಳುತ್ತದೆ, ಗಂಟು ಹಾಕಿದರೆ ಅರ್ಧದಷ್ಟೇ ಉಳಿಯಬಹುದು. ಇಷ್ಟೆಲ್ಲ ಕಳೆದರೂ 800 ಕೆ.ಜಿ. ಮೇಲೆ ಉಳಿಯಿತು ಅಲ್ವಾ? ಹಾಗಾಗಿ ಹಗ್ಗ ಬರೀ ಎಳೆತಕ್ಕೆ ಕಡಿಯುವುದು ಅಪರೂಪ. ಅದು ಕಡಿಯುವುದು ಉಜ್ಜಾಟಕ್ಕೆ.

ದಪ್ಪಕ್ಕೆ ಸುರಿಯುವ ದುಡ್ಡನ್ನು ಉದ್ದಕ್ಕೆ ಮತ್ತು ಜೋಡಣೆಗಳಿಗೆ ಹಾಕಿ ಅಂತ ನಾನು ಹೇಳುವುದು ಇದಕ್ಕೇ. ಈಗ ಒಂದೊಂದಾಗಿ ನೋಡೋಣ.

1. ಮೊದಲು ಆಳ ಲೆಕ್ಕ ಹಾಕಿ

ಅಂಗಡಿಗೆ ಹೋಗುವ ಮೊದಲು ಮೂರು ಅಂಕಿ ಬರೆದುಕೊಳ್ಳಿ:

- ನೀವು ಲಂಗರು ಹಾಕುವ ಜಾಗಗಳಲ್ಲಿ ಅತಿ ಹೆಚ್ಚು ಆಳ ಎಷ್ಟು
- ಉಬ್ಬರ ಬಂದಾಗ ನೀರು ಇನ್ನೆಷ್ಟು ಏರುತ್ತದೆ (ಕೆರೆ, ಅಣೆಕಟ್ಟಿನ ಹಿನ್ನೀರಿನಲ್ಲಿ ಇದು ಬೇಡ)
- ದೋಣಿಯ ಮುಂತುದಿಯಲ್ಲಿ ಹಗ್ಗ ಹೊರಹೋಗುವ ಜಾಗ ನೀರಿನ ಮಟ್ಟದಿಂದ ಎಷ್ಟು ಎತ್ತರದಲ್ಲಿದೆ

ಮೂರನ್ನೂ ಕೂಡಿಸಿ. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಆಳ ಕಡಿಮೆ ಇದ್ದಾಗ ಅದೇ ದೊಡ್ಡ ವ್ಯತ್ಯಾಸ ಮಾಡುತ್ತದೆ. ನೀರು 2 ಮೀಟರ್, ಮುಂತುದಿ 1 ಮೀಟರ್ ಎತ್ತರ ಅಂದರೆ ನಿಮ್ಮ ನಿಜವಾದ ಆಳ 3 ಮೀಟರ್. ಸೀದಾ ಒಂದೂವರೆ ಪಟ್ಟು!

ಆಳ ತೋರಿಸುವ ಯಂತ್ರ ಇದ್ದರೆ ಇನ್ನೊಂದು ಎಚ್ಚರಿಕೆ. ಅದರ ಸೆನ್ಸರ್ ನೀರಿನೊಳಗೆ ದೋಣಿಯ ತಳದ ಹತ್ತಿರ ಇರುತ್ತದೆ, ಸೆಟ್ಟಿಂಗ್ ಮಾಡದಿದ್ದರೆ ಅಲ್ಲಿಂದ ಕೆಳಗಿನ ಆಳವನ್ನು ಮಾತ್ರ ತೋರಿಸುತ್ತದೆ. ಮೇಲಿನ ಒಂದಿಷ್ಟು ನೀರು ಲೆಕ್ಕ ತಪ್ಪಿರುತ್ತದೆ.

2. ಉದ್ದ ತೀರ್ಮಾನ ಮಾಡಿ

ಇಲ್ಲಿ "ಸ್ಕೋಪ್" ಅನ್ನೋ ಪದ ಗೊತ್ತಿರಬೇಕು. ಬಿಟ್ಟ ಹಗ್ಗ ಮತ್ತು ಚೈನಿನ ಒಟ್ಟು ಉದ್ದ ಮೇಲಿನ ಲೆಕ್ಕದ ಆಳದ ಎಷ್ಟು ಪಟ್ಟು ಇದೆ ಅನ್ನುವುದೇ ಸ್ಕೋಪ್. ಆಳ 10 ಮೀಟರ್, ಬಿಟ್ಟದ್ದು 50 ಮೀಟರ್ ಆದರೆ ಸ್ಕೋಪ್ ಐದು.

ಇದು ಯಾಕೆ ಮುಖ್ಯ ಅಂದರೆ, ಲಂಗರು ಕೆಲಸ ಮಾಡುವುದು ಬರೀ ತೂಕದಿಂದಲ್ಲ. ಅಡ್ಡಕ್ಕೆ ಎಳೆದಾಗ ಅದು ನೆಲಕ್ಕೆ ಕಚ್ಚಿ ಒಳಗೆ ಹೂತುಕೊಳ್ಳುತ್ತದೆ. ಮೇಲಕ್ಕೆ ಎಳೆದರೆ ಕಿತ್ತು ಬರುತ್ತದೆ, ನಾವು ವಾಪಸ್ ತೆಗೆಯುವುದೇ ಹಾಗೆ. ಬಿಗಿಯಾಗಿ ನಿಂತ ಹಗ್ಗ ನೆಲದ ಜೊತೆ ಮಾಡುವ ಕೋನ ಸ್ಕೋಪ್ ಮೂರಿದ್ದಾಗ ಸುಮಾರು 19 ಡಿಗ್ರಿ, ಐದಿದ್ದಾಗ 11–12, ಏಳಿದ್ದಾಗ 8, ಹತ್ತಿದ್ದಾಗ 6ಕ್ಕೂ ಕಮ್ಮಿ. ಮೂರರಿಂದ ಐದಕ್ಕೆ ಹೋದಾಗ ಸಿಗುವ ಲಾಭ ನೋಡಿ, ಏಳರಿಂದ ಹತ್ತಕ್ಕೆ ಹೋದಾಗ ಸಿಗುವುದು ನೋಡಿ. ಮೊದಲಿನ ಕೆಲವು ಮೀಟರ್‌ಗಳಲ್ಲಿ ಜಿಪುಣತನ ಮಾಡಿದರೆ ಕೆಟ್ಟಿರಿ.

ನನ್ನ ಲೆಕ್ಕ ಹೀಗೆ: ಹಗಲು ಹೊತ್ತು, ಗಾಳಿ ಇಲ್ಲ, ನೀವು ದೋಣಿಯಲ್ಲೇ ಗಾಳ ಹಾಕಿ ಕೂತಿದ್ದೀರಿ ಅಂದರೆ ಐದು ಪಟ್ಟು ಸಾಕು. ರಾತ್ರಿ ನಿಲ್ಲುವುದಾದರೆ, ಗಾಳಿ ಎದ್ದರೆ ಏಳು. ಹವಾಮಾನ ಕೆಟ್ಟು ಓಡಲು ಜಾಗವಿಲ್ಲ ಅಂದಾಗ ಹತ್ತು. ಮೀನಿನ ಗುಂಪಿನ ಮೇಲೆ ಸ್ವಲ್ಪ ಹೊತ್ತು ನಿಲ್ಲಲು ಮೂರು ಪಟ್ಟಿನಲ್ಲೇ ಕೆಲಸ ಮುಗಿಸುವವರಿದ್ದಾರೆ, ನಾನೂ ಮಾಡಿದ್ದೇನೆ. ಆದರೆ ಆಗ ಕಣ್ಣು ದಡದ ಗುರುತಿನ ಮೇಲೆ ಇರಬೇಕು, ನಿದ್ದೆ ಮಾಡುವ ಹಾಗಿಲ್ಲ.

ಉದಾಹರಣೆಗೆ ಆಳ 8 ಮೀಟರ್, ಉಬ್ಬರ 2, ಮುಂತುದಿ 1 ಅಂದುಕೊಳ್ಳಿ. ಒಟ್ಟು 11. ಐದು ಪಟ್ಟಿಗೆ 55 ಮೀಟರ್, ಏಳು ಪಟ್ಟಿಗೆ 77. ಕೊಳ್ಳುವುದು ಏಳರ ಲೆಕ್ಕದಲ್ಲಿ, ಅಂದರೆ ಚೈನ್ ಸೇರಿ 80 ಮೀಟರ್ ಇಟ್ಟುಕೊಳ್ಳಿ. "ಅಷ್ಟು ಉದ್ದ ಯಾವಾಗ ಬೇಕಾಗುತ್ತೆ?" ಅಂತ ಕೇಳಬಹುದು. ಬೇಕಾಗುವುದು ಎಂಜಿನ್ ಕೆಟ್ಟು ನಿಂತ ದಿನ. ಆವತ್ತು ಆಳದ ಜಾಗ ನಿಮ್ಮ ಆಯ್ಕೆಯಾಗಿರುವುದಿಲ್ಲ.

3. ಯಾವ ಹಗ್ಗ?

ನೈಲಾನ್. ಬೇರೆ ಮಾತಿಲ್ಲ ಅನ್ನಬಹುದು, ಆದರೂ ಕಾರಣ ಹೇಳುತ್ತೇನೆ.

ನೈಲಾನ್ ಹಿಗ್ಗುತ್ತದೆ. ಮೂರೆಳೆ ನೈಲಾನ್ ಹಗ್ಗ ಕಡಿಯುವ ಮೊದಲು ತನ್ನ ಉದ್ದದ ಮೂರನೇ ಒಂದು ಭಾಗದಷ್ಟು ಹಿಗ್ಗಬಲ್ಲದು. ಅಲೆ ದೋಣಿಯನ್ನು ಎತ್ತಿ ಹಿಂದಕ್ಕೆ ತಳ್ಳಿದಾಗ ಬೀಳುವ ಜಗ್ಗನ್ನು ಹಗ್ಗವೇ ನುಂಗಿಕೊಳ್ಳುತ್ತದೆ. ಅದು ಲಂಗರಿಗೂ ಕ್ಲೀಟ್‌ಗೂ ಅಷ್ಟು ಜೋರಾಗಿ ತಲುಪುವುದಿಲ್ಲ. (ಕ್ಲೀಟ್ ಅಂದರೆ ದೋಣಿಯಲ್ಲಿ ಹಗ್ಗ ಸುತ್ತಿ ಕಟ್ಟುವ ಎರಡು ಕೊಂಬಿನ ಗಟ್ಟಿ ತುಂಡು.) ಜೊತೆಗೆ ನೈಲಾನ್ ನೀರಿನಲ್ಲಿ ಮುಳುಗುತ್ತದೆ.

ಪಾಲಿಯೆಸ್ಟರ್ ಕೂಡ ಗಟ್ಟಿ, ಬಿಸಿಲಿಗೆ ನೈಲಾನ್‌ಗಿಂತ ಚೆನ್ನಾಗಿ ತಡೆಯುತ್ತದೆ. ಆದರೆ ಹಿಗ್ಗುವುದು ಬಹಳ ಕಮ್ಮಿ, ಪ್ರತಿ ಅಲೆಗೂ ಜಗ್ಗು ನೇರ ಲಂಗರಿಗೆ ಹೋಗುತ್ತದೆ. ಮನೆಯಲ್ಲಿ ಇದ್ದರೆ ಬಳಸಿ, ಹೊಸದಾಗಿ ಇದನ್ನೇ ಕೊಳ್ಳಬೇಡಿ.

ಇನ್ನು ಪಾಲಿಪ್ರೊಪಿಲಿನ್. "ಬಲೆಗೆ ತಂದ ಹಗ್ಗ ಉಳಿದಿದೆ, ಅದನ್ನೇ ಹಾಕಬಹುದಾ?" ಅನ್ನುವವರ ಕೈಯಲ್ಲಿ ಇರುವುದು ಹೆಚ್ಚಾಗಿ ಇದೇ. ಬೇಡ. ಇದು ತೇಲುತ್ತದೆ. ಗಾಳಿ ಬಿದ್ದಾಗ ಸಡಿಲವಾದ ಹಗ್ಗ ನೀರಿನ ಮೇಲೆ ಹಾವಿನ ಹಾಗೆ ಹರಡಿಕೊಂಡು ನಿಮ್ಮದೋ ಪಕ್ಕದವರದೋ ಪ್ರೊಪೆಲ್ಲರ್‌ಗೆ ಸಿಕ್ಕಿಕೊಳ್ಳುತ್ತದೆ. ಬಿಸಿಲಿಗೆ ಬೇಗ ಒಣಗಿ ಪುಡಿಯಾಗುತ್ತದೆ, ಮೇಲ್ಮೈ ಮೇಲೆ ಬೆರಳಾಡಿಸಿದರೆ ಮುಳ್ಳಿನ ಹಾಗೆ ಚುಚ್ಚುವ ಸಣ್ಣ ಎಳೆಗಳು ಎದ್ದಿರುತ್ತವೆ.

ಯಾವುದು ಅಂತ ಗೊತ್ತಾಗದಿದ್ದರೆ ಗೇಣುದ್ದ ತುಂಡು ಕತ್ತರಿಸಿ ಬಕೆಟ್ ನೀರಿಗೆ ಹಾಕಿ, ಒಳಗಿನ ಗಾಳಿ ಹೋಗುವ ಹಾಗೆ ಹಿಂಡಿ ಬಿಡಿ. ತೇಲಿದರೆ ಅದು ನಿಮಗೆ ಬೇಡವಾದ ಹಗ್ಗ. ನೈಲಾನ್, ಪಾಲಿಯೆಸ್ಟರ್ ಎರಡೂ ಮುಳುಗುತ್ತವೆ.

ಮೂರೆಳೆ ಹೊಸೆದದ್ದೋ ಹೆಣೆದದ್ದೋ? ಮೂರೆಳೆಯದು ಹೆಚ್ಚು ಹಿಗ್ಗುತ್ತದೆ, ತುದಿಗೆ ಕಣ್ಣು (ಕುಣಿಕೆ) ಹೆಣೆಯಲು ಸುಲಭ, ಬೆಲೆಯೂ ಅಗ್ಗ. ಆದರೆ ಹೊಸೆದ ಹಗ್ಗಕ್ಕೆ ಮುರಿ ಬೀಳುವ, ಅಂದರೆ ತಿರುಚಿಕೊಂಡು ಸಿಕ್ಕಾಗುವ ಚಟ. ಎಂಟೆಳೆಯ ಜಡೆ ಹಗ್ಗ ಬಕೆಟ್‌ನಲ್ಲಿ ಮೆತ್ತಗೆ ಕೂರುತ್ತದೆ, ಮುರಿ ಬೀಳುವುದಿಲ್ಲ. ಸಣ್ಣ ದೋಣಿಗೆ ನಾನು ಮೂರೆಳೆಯನ್ನೇ ಹೇಳುತ್ತೇನೆ.

4. ದಪ್ಪ

ನೀವು ಕಾಯುತ್ತಿದ್ದ ಪ್ರಶ್ನೆ. ಚಿಕ್ಕದಾಗಿ:

- 15 ಅಡಿವರೆಗಿನ ದೋಣಿ: 8 ಮಿ.ಮೀ.ಗೆ ಬಲ ಸಾಕು, ಆದರೂ 10 ತಗೊಳ್ಳಿ
- 16–20 ಅಡಿ: 10 ಮಿ.ಮೀ.
- 21–26 ಅಡಿ: 12 ಮಿ.ಮೀ.
- 30 ಅಡಿವರೆಗೆ: 14 ಮಿ.ಮೀ.

ಸಣ್ಣ ದೋಣಿಗೂ 10 ಯಾಕೆ ಅಂದರೆ, ಎಳೆಯುವುದು ಕೈಯಲ್ಲಿ. ಒದ್ದೆ ಕೈಯಲ್ಲಿ 8 ಮಿ.ಮೀ. ಹಗ್ಗ ಹಿಡಿದು ಕೆಸರಿನಿಂದ ಲಂಗರು ಕಿತ್ತು ನೋಡಿ, ಅಂಗೈಗೆ ಗೆರೆ ಬೀಳುತ್ತದೆ. ಹಾಗಂತ 20 ಅಡಿ ದೋಣಿಗೆ 16 ಮಿ.ಮೀ. ಹಾಕುವುದೂ ದಡ್ಡತನವೇ. ಅಷ್ಟು ದಪ್ಪದ್ದು ಸಣ್ಣ ಎಳೆತಕ್ಕೆ ಹಿಗ್ಗುವುದಿಲ್ಲ, ನೈಲಾನ್ ಕೊಂಡಿದ್ದೇ ಸುಮ್ನೆ ಆಗುತ್ತದೆ.

ದೋಣಿ ಎತ್ತರವಾಗಿದ್ದು ಮೇಲೆ ಕ್ಯಾಬಿನ್ ಇದ್ದರೆ ಗಾಳಿಗೆ ಎದುರಾಗುವ ಮೈ ಜಾಸ್ತಿ. ಆಗ ಒಂದು ಅಳತೆ ಮೇಲಿನದನ್ನು ತಗೊಳ್ಳಿ. ಗಾಳಿಯ ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ, ಇದು ನೆನಪಿರಲಿ.

5. ಚೈನ್

ಬರೀ ಹಗ್ಗ ಕಟ್ಟಿ ಲಂಗರು ಎಸೆಯುವವರು ಇನ್ನೂ ಇದ್ದಾರೆ. ಚೈನಿಗೆ ಎರಡು ಕೆಲಸ. ಒಂದು, ಅದರ ಭಾರಕ್ಕೆ ಕೊನೆಯ ಕೆಲವು ಮೀಟರ್ ನೆಲದ ಮೇಲೆ ಮಲಗಿ ಲಂಗರನ್ನು ಅಡ್ಡಕ್ಕೆ ಎಳೆಯುತ್ತದೆ. ಎರಡು, ಕಲ್ಲು, ಚಿಪ್ಪು, ಬಂಡೆಯಂಚಿಗೆ ಉಜ್ಜುವ ಕೆಲಸವನ್ನು ಹಗ್ಗದ ಬದಲು ತಾನು ತಡೆದುಕೊಳ್ಳುತ್ತದೆ. ಗಾಳಿ ಜೋರಾದಾಗ ಚೈನ್ ನೆಲದಿಂದ ಎದ್ದು ನೆಟ್ಟಗಾಗುತ್ತದೆ, ಆಗ ಮೊದಲ ಕೆಲಸ ಅರ್ಧ ನಿಂತ ಹಾಗೆಯೇ. ಎರಡನೆಯದು ಮಾತ್ರ ಯಾವಾಗಲೂ ಇರುತ್ತದೆ. ಬಹಳ ಜನ ಚೈನ್ ಬರೀ ಭಾರಕ್ಕೆ ಅಂದುಕೊಂಡು ಸೀಸದ ಗುಂಡು ಕಟ್ಟಿ ಕೈತೊಳೆದುಕೊಳ್ಳುತ್ತಾರೆ, ಅದು ಕಲ್ಲಿಗೆ ಉಜ್ಜುವ ಹಗ್ಗವನ್ನು ಉಳಿಸುವುದಿಲ್ಲ.

ಚೈನಿನ ದಪ್ಪ ಹಗ್ಗದ ದಪ್ಪದ ಅರ್ಧ ಅಂತ ಒಂದು ರೂಢಿ. 10 ಮತ್ತು 12 ಮಿ.ಮೀ. ಹಗ್ಗಕ್ಕೆ 6 ಮಿ.ಮೀ. ಚೈನ್, 14ಕ್ಕೆ 8. ಇಲ್ಲಿ ಮಿ.ಮೀ. ಅಂದರೆ ಕೊಂಡಿ ಮಾಡಿದ ಸರಳಿನ ದಪ್ಪ, ಕೊಂಡಿಯ ಅಗಲ ಅಲ್ಲ. ಅಂಗಡಿಯಲ್ಲಿ ಈ ಗೊಂದಲ ದಿನಾ ಆಗುತ್ತದೆ. 25 ಅಡಿ ದಾಟಿದ ಭಾರದ ದೋಣಿಗೆ 12ರ ಹಗ್ಗದ ಜೊತೆಗೂ 8ರ ಚೈನೇ ಇರಲಿ.

ಉದ್ದ ಎಷ್ಟು? ಕನಿಷ್ಠ ದೋಣಿಯ ಉದ್ದದಷ್ಟು. ಮರಳು, ಕೆಸರು ಮಾತ್ರ ಇರುವ ಶಾಂತ ನೀರಿನ ಪುಟ್ಟ ದೋಣಿಗೆ 3 ಮೀಟರ್‌ನಲ್ಲಿ ನಡೆಯುತ್ತದೆ. ಕಲ್ಲುನೆಲದ ಮೇಲೆ ಮೀನು ಹಿಡಿಯುವವರು ಇನ್ನೂ ಉದ್ದ ಹಾಕಿ. 6 ಮಿ.ಮೀ. ಚೈನ್ ಮೀಟರಿಗೆ ಸುಮಾರು 800 ಗ್ರಾಂ, 8 ಮಿ.ಮೀ. ಸುಮಾರು 1.4 ಕೆ.ಜಿ. ಲಂಗರಿನ ತೂಕ ಸೇರಿಸಿ, ನಿಮ್ಮ ಸೊಂಟವನ್ನೂ ಕೇಳಿ, ಆಮೇಲೆ ತೀರ್ಮಾನ ಮಾಡಿ.

ಗಿಡ್ಡ ಕೊಂಡಿಯ ಚೈನನ್ನೇ ಕೇಳಿ. ಉದ್ದ ಕೊಂಡಿಯದು ತಿರುಚಿಕೊಳ್ಳುವುದು, ಬಾಗುವುದು ಹೆಚ್ಚು. ಚೈನ್ ಮೇಲೆ ಜಿ30, ಜಿ40 ಅಂತ ಗ್ರೇಡ್ ಇರುತ್ತದೆ, ಉಕ್ಕು ಎಷ್ಟು ಗಟ್ಟಿ ಅನ್ನುವುದರ ಗುರುತು. 6 ಮಿ.ಮೀ. ಜಿ30 ಚೈನ್ ಕಡಿಯಲು ಸುಮಾರು 1,700 ಕೆ.ಜಿ. ಎಳೆತ ಬೇಕು, ಅದರ ಕಾಲು ಭಾಗವನ್ನು ಕೆಲಸದ ಭಾರ ಅಂತ ಇಟ್ಟುಕೊಳ್ಳಿ. ಸಣ್ಣ ದೋಣಿಗೆ ಜಿ30 ಧಾರಾಳ ಸಾಕು.

ಸತು ಲೇಪನದ ವಿಷಯದಲ್ಲಿ ಮೋಸಹೋಗಬೇಡಿ. ಬೇಕಾದ್ದು ಹಾಟ್ ಡಿಪ್ ಗ್ಯಾಲ್ವನೈಸ್ಡ್, ಅಂದರೆ ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದು. ಅದು ಮಂಕು ಬೂದು ಬಣ್ಣ, ಮುಟ್ಟಿದರೆ ತುಸು ಒರಟು, ಅಲ್ಲಲ್ಲಿ ಸತುವಿನ ಹನಿ ಗಟ್ಟಿಯಾಗಿ ನಿಂತಿರುತ್ತದೆ. ಪಕ್ಕದಲ್ಲೇ ಫಳಫಳ ಹೊಳೆಯುವ ನುಣುಪು ಚೈನ್ ನೇತಾಡುತ್ತಿರುತ್ತದೆ ನೋಡಿ, ಅದು ಹೆಚ್ಚಾಗಿ ವಿದ್ಯುತ್ತಿನಿಂದ ತೆಳ್ಳಗೆ ಬಳಿದ ಲೇಪ, ಉಪ್ಪುನೀರಿನಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಪ್ಲಾಸ್ಟಿಕ್ ಹೊದಿಸಿದ್ದೂ ಬೇಡ. ಹೊದಿಕೆಯ ಒಳಗೆ ತುಕ್ಕು ತಿನ್ನುತ್ತಿದ್ದರೂ ನಿಮಗೆ ಕಾಣುವುದಿಲ್ಲ.

ಸ್ಟೇನ್‌ಲೆಸ್ ಸ್ಟೀಲ್? ಚೆಂದ ಇದೆ, ದುಬಾರಿ. ಗ್ಯಾಲ್ವನೈಸ್ಡ್ ಚೈನಿಗೆ ಸ್ಟೇನ್‌ಲೆಸ್ ಶ್ಯಾಕಲ್ ಹಾಕಿದರೆ ಉಪ್ಪುನೀರಿನಲ್ಲಿ ಎರಡು ಲೋಹ ಸೇರಿ ಬ್ಯಾಟರಿಯ ಹಾಗೆ ಕೆಲಸ ಮಾಡಿ ಸತುವನ್ನು ತಿಂದು ಹಾಕುತ್ತವೆ, ತುಕ್ಕು ಆ ಕೊಂಡಿಯಲ್ಲೇ ಮೊದಲು ಶುರುವಾಗುತ್ತದೆ. ಎಲ್ಲವೂ ಒಂದೇ ಲೋಹದ್ದಾಗಿರಲಿ.

6. ಜೋಡಣೆಗಳು: ಇಲ್ಲಿ ಅವಸರ ಬೇಡ

ಲಂಗರಿನಿಂದ ಚೈನಿಗೆ ಒಂದು ಶ್ಯಾಕಲ್, ಚೈನಿನಿಂದ ಹಗ್ಗಕ್ಕೆ ಇನ್ನೊಂದು. ಶ್ಯಾಕಲ್ ಅಂದರೆ ಅರ್ಧಚಂದ್ರದಂಥ ಕೊಂಡಿ, ಬಾಯಿಗೆ ಅಡ್ಡ ತಿರುಪಿನ ಪಿನ್. ಅದು ಚೈನಿಗಿಂತ ಒಂದು ಅಳತೆ ದಪ್ಪ ಇರಬೇಕು, ಆದರೆ ಪಿನ್ ಚೈನಿನ ಕೊನೇ ಕೊಂಡಿಯೊಳಗೆ ಹೋಗಬೇಕಲ್ಲ? 6 ಮಿ.ಮೀ. ಚೈನಿನಲ್ಲಿ 8 ಮಿ.ಮೀ. ಪಿನ್ ಕೆಲವೊಮ್ಮೆ ಹೋಗುತ್ತದೆ, ಕೆಲವೊಮ್ಮೆ ಇಲ್ಲ. ಚೈನನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಅಂಗಡಿಯಲ್ಲೇ ಹಾಕಿ ನೋಡಿ. ಶ್ಯಾಕಲ್ ಮೈಮೇಲೆ ಅದು ಎಷ್ಟು ಭಾರ ತಡೆಯುತ್ತದೆ ಅಂತ ಅಚ್ಚೊತ್ತಿರುವುದನ್ನು ಆರಿಸಿ. ಏನೂ ಬರೆಯದ ಶ್ಯಾಕಲ್ ಸಾಮಾನು ನೇತುಹಾಕಲು ಇರಲಿ.

ಪಿನ್ ಬಿಗಿ ಮಾಡಿದ ಮೇಲೆ ಅದರ ತಲೆಯ ತೂತಿನಿಂದ ತಂತಿ ಹಾಯಿಸಿ ಶ್ಯಾಕಲ್ ಮೈಗೆ ಎರಡು ಮೂರು ಸುತ್ತು ಕಟ್ಟಿ. ಗ್ಯಾಲ್ವನೈಸ್ಡ್ ತಂತಿ ಅಥವಾ ಗಟ್ಟಿ ಪ್ಲಾಸ್ಟಿಕ್ ಟೈ ನಡೆಯುತ್ತದೆ. ಒಂದು ಸಲ ನಾನು ಇದನ್ನು "ನಾಳೆ ಕಟ್ಟಿದರಾಯಿತು" ಅಂತ ಬಿಟ್ಟೆ. ದೋಣಿ ಅಲ್ಲಾಡಿ ಅಲ್ಲಾಡಿ ಪಿನ್ ತಾನಾಗಿ ಬಿಚ್ಚಿಕೊಂಡಿತ್ತು. ಎಳೆದರೆ ಚೈನ್ ಬಂತು, ಲಂಗರು ಇನ್ನೂ ಅಲ್ಲೇ ಕೆಳಗಿದೆ.

ಹಗ್ಗದ ತುದಿಗೆ ಥಿಂಬಲ್ ಬೇಕು. ಕಣ್ಣೀರಿನ ಹನಿಯ ಆಕಾರದ ಲೋಹದ ತೋಡು ಅದು, ಹಗ್ಗ ಅದರ ಸುತ್ತ ಕೂರುತ್ತದೆ, ಲೋಹಕ್ಕೆ ಲೋಹ ಉಜ್ಜುತ್ತದೆ, ಹಗ್ಗ ಬಚಾವ್. ಹಗ್ಗವನ್ನು ಥಿಂಬಲ್ ಸುತ್ತ ತಂದು ಎಳೆಗಳನ್ನು ಬಿಡಿಸಿ ಮತ್ತೆ ಹಗ್ಗದ ಮೈಯೊಳಗೆ ಹೆಣೆಯುವುದಕ್ಕೆ ಸ್ಪ್ಲೈಸ್ ಅನ್ನುತ್ತಾರೆ. ಮೂರೂ ಎಳೆಗಳನ್ನು ಕನಿಷ್ಠ ಐದು ಸಲ ತೂರಿಸಬೇಕು, ನೈಲಾನ್ ಜಾರುತ್ತದೆ, ಮೂರು ಸಲ ಸಾಲದು. ಚೆನ್ನಾಗಿ ಮಾಡಿದ ಸ್ಪ್ಲೈಸ್ ಹಗ್ಗದ ಬಲದಲ್ಲಿ ನೂರಕ್ಕೆ 90ರಷ್ಟು ಉಳಿಸಿಕೊಳ್ಳುತ್ತದೆ. ಮೊದಲ ಸಲ ಅರ್ಧ ಗಂಟೆ ಹಿಡಿಯಬಹುದು, ಹಳೇ ಹಗ್ಗದಲ್ಲಿ ಕೈ ಪಳಗಿಸಿಕೊಳ್ಳಿ. ಅಲ್ಲಿಯವರೆಗೆ ಗಂಟೇ ಗತಿ ಅಂದರೆ ಬಾಲವನ್ನು ಒಂದು ಗೇಣು ಉದ್ದ ಬಿಟ್ಟು ದಾರದಿಂದ ಹಗ್ಗಕ್ಕೇ ಸುತ್ತಿ ಕಟ್ಟಿ.

ಸ್ವಿವೆಲ್ (ಸುತ್ತ ತಿರುಗುವ ಕೊಂಡಿ) ಬೇಕಾ ಅಂತಲೂ ಕೇಳುತ್ತಾರೆ. ಸಣ್ಣ ದೋಣಿಗೆ ಬೇಡ. ಇನ್ನೊಂದು ದುರ್ಬಲ ಜಾಗ ದುಡ್ಡು ಕೊಟ್ಟು ಸೇರಿಸಿದ ಹಾಗೆ.

7. ಕಲ್ಲಿಗೆ ಸಿಕ್ಕಿಕೊಳ್ಳುವ ಜಾಗವಾದರೆ

ಚೈನನ್ನು ಲಂಗರಿನ ಕೋಲಿನ ತುದಿಗೆ ಶ್ಯಾಕಲ್ ಮಾಡುವ ಬದಲು ಕೆಳಗೆ, ಕೊಕ್ಕೆಗಳು ಸೇರುವ ಬುಡಕ್ಕೆ ಶ್ಯಾಕಲ್ ಮಾಡಿ. ಆಮೇಲೆ ಚೈನನ್ನು ಕೋಲಿನುದ್ದಕ್ಕೆ ತಂದು ತುದಿಯ ತೂತಿಗೆ ಪ್ಲಾಸ್ಟಿಕ್ ಟೈನಿಂದ ಕಟ್ಟಿ. ಸಾಮಾನ್ಯ ಎಳೆತಕ್ಕೆ ಟೈ ತಡೆಯುತ್ತದೆ. ಸಿಕ್ಕಿಕೊಂಡಾಗ ಮೇಲಿನಿಂದ ಜೋರಾಗಿ ಎಳೆದರೆ ಟೈ ಹರಿದು ಲಂಗರು ಹಿಂದುಮುಂದಾಗಿ ಹೊರಬರುತ್ತದೆ. ಬುಡದಲ್ಲಿ ತೂತಿಲ್ಲದ ಲಂಗರಿಗೆ ಇದು ಆಗುವುದಿಲ್ಲ.

ರಾತ್ರಿ ತಂಗುವಾಗ ಮಾತ್ರ ಈ ಉಪಾಯ ಬೇಡ. ಗಾಳಿ ದಿಕ್ಕು ಬದಲಿಸಿ ಅಡ್ಡ ಎಳೆದರೆ ಟೈ ನಿಮಗೆ ಗೊತ್ತಿಲ್ಲದೇ ಹರಿಯುತ್ತದೆ.

8. ದೋಣಿಯ ಕಡೆಯ ತುದಿ

ಹಗ್ಗದ ಕೊನೆಯನ್ನು ಎಸೆಯುವ ಮೊದಲೇ ದೋಣಿಗೆ ಕಟ್ಟಿ. ಕೇಳಿದರೆ ನಗು ಬರುತ್ತದೆ, ಆದರೆ ಇಡೀ ಹಗ್ಗ ಸರಸರನೆ ನೀರಿಗೆ ಹೋಗುವುದನ್ನು ಬಾಯಿ ಬಿಟ್ಟುಕೊಂಡು ನೋಡಿದವರು ಒಬ್ಬಿಬ್ಬರಲ್ಲ. ತುರ್ತಿಗೆ ಚಾಕುವಿನಿಂದ ಕತ್ತರಿಸಲು ಆಗುವ ಹಾಗೆ ಕಟ್ಟಿ.

ಕಟ್ಟುವುದು ಮುಂಭಾಗದಲ್ಲಿ ಮಾತ್ರ. ಹಿಂಭಾಗಕ್ಕೆ ಯಾವತ್ತೂ ಬೇಡ. ಸಣ್ಣ ದೋಣಿಯ ಹಿಂಭಾಗ ತಗ್ಗು, ಎಂಜಿನ್ ಭಾರವೂ ಅಲ್ಲೇ. ಅಲ್ಲಿಂದ ಹಗ್ಗ ಕೆಳಗೆ ಜಗ್ಗುತ್ತಿರುವಾಗ ಒಂದು ಅಲೆ ಅಥವಾ ಜೋರು ಹರಿವು ಬಂದರೆ ನೀರು ನೇರ ಒಳಗೆ, ದೋಣಿ ನಿಮಿಷದೊಳಗೆ ಮುಳುಗಬಹುದು.

ಹಗ್ಗ ದೋಣಿಯ ಅಂಚು ದಾಟುವ ಜಾಗಕ್ಕೆ ಹಳೇ ನೀರಿನ ಪೈಪಿನ ತುಂಡನ್ನು ಉದ್ದಕ್ಕೆ ಸೀಳಿ ತೊಡಿಸಿ, ಜಾರದ ಹಾಗೆ ದಾರ ಕಟ್ಟಿ. ಉಜ್ಜಾಟ ಅಂದೆನಲ್ಲ, ಅದು ಕಲ್ಲಿನಲ್ಲಿ ಆಗುವಷ್ಟೇ ಇಲ್ಲೂ ಆಗುತ್ತದೆ.

9. ಗುರುತು, ತೊಳೆಯುವುದು, ಬದಲಿಸುವುದು

ಪ್ರತಿ 10 ಮೀಟರಿಗೆ ಗುರುತು ಮಾಡಿ. ಬಣ್ಣದ ದಾರ ಹೊಲಿದರೆ ಕತ್ತಲಲ್ಲಿ ಕೈಗೂ ಸಿಗುತ್ತದೆ: 10ಕ್ಕೆ ಆ ದಾರದಲ್ಲಿ ಒಂದು ಗಂಟು, 20ಕ್ಕೆ ಎರಡು. ಮಾರಿನ ಲೆಕ್ಕ ರೂಢಿಯಿದ್ದರೆ ಅದರಲ್ಲೇ ಮಾಡಿ, ಎರಡು ಕೈ ಚಾಚಿದ ಒಂದು ಮಾರು ಹೆಚ್ಚುಕಮ್ಮಿ 6 ಅಡಿ. ಗುರುತಿಲ್ಲದಿದ್ದರೆ ಸ್ಕೋಪ್ ಲೆಕ್ಕವೆಲ್ಲ ಅಂದಾಜೇ.

ಹಗ್ಗವನ್ನು ಸಿಂಬೆ ಸುತ್ತಿ ಇಡಬೇಡಿ, ಬಿಡುವಾಗ ಮುರಿ ಬೀಳುತ್ತದೆ. ತಳಕ್ಕೆ ತೂತು ಕೊರೆದ ದೊಡ್ಡ ಬಕೆಟ್‌ಗೆ ದೋಣಿ ಕಡೆಯ ತುದಿಯಿಂದ ಶುರುಮಾಡಿ ಸುಮ್ನೆ ಇಳಿಬಿಡಿ, ಮೇಲೆ ಚೈನ್ ಬರುತ್ತದೆ. ಬಿಡುವಾಗ ಕಾಲು ಹಗ್ಗದ ಸುತ್ತಿನೊಳಗೆ ಇರಬಾರದು.

ಉಪ್ಪುನೀರಿನಿಂದ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯಿರಿ. ಉಪ್ಪಿನ ಹರಳು, ಮರಳು ಎಳೆಗಳ ನಡುವೆ ಕೂತು ಒಳಗಿನಿಂದ ಕೊಯ್ಯುತ್ತವೆ. ವರ್ಷಕ್ಕೊಮ್ಮೆ ಹಗ್ಗವನ್ನು ಕೊನೆ ಮೊದಲು ಮಾಡಿ, ಆಗ ಸವೆತ ಒಂದೇ ತುದಿಗೆ ಬೀಳುವುದಿಲ್ಲ. ಅದಕ್ಕೆ ಸ್ಪ್ಲೈಸ್ ಮತ್ತೆ ಮಾಡಬೇಕು, ಹೌದು.

ಹಗ್ಗದ ಎಳೆಗಳನ್ನು ಅಲ್ಲಲ್ಲಿ ತಿರುಚಿ ಬಿಡಿಸಿ ಒಳಗೆ ನೋಡಿ. ಒಳಗೆ ಪುಡಿ ಉದುರಿದರೆ, ಎಳೆ ಗಡುಸಾಗಿ ಮತ್ತೆ ಹೊಸೆದುಕೊಳ್ಳದಿದ್ದರೆ, ಒಂದೇ ಒಂದು ಎಳೆ ಅರ್ಧ ಕಡಿದಿದ್ದರೂ ಆ ಭಾಗ ಕತ್ತರಿಸಿ. ಚೈನಿನಲ್ಲಿ ಕೊಂಡಿಗೆ ಕೊಂಡಿ ತಾಗುವ ಜಾಗ ಅಳೆಯಿರಿ. ನೂರಕ್ಕೆ 10ರಷ್ಟು ಸವೆದಿದ್ದರೆ, ಅಂದರೆ 6 ಮಿ.ಮೀ. ಇದ್ದದ್ದು 5.4ಕ್ಕೆ ಬಂದಿದ್ದರೆ, ಅದರ ಕಾಲ ಮುಗಿಯಿತು. ಮೊದಲು ಸವೆಯುವುದು ಲಂಗರಿನ ಕಡೆಯ ಕೊಂಡಿಗಳು. ಉಳಿದದ್ದು ಚೆನ್ನಾಗಿದ್ದರೆ ಆ ಕಡೆಯಿಂದ ಒಂದೆರಡು ಅಡಿ ಕತ್ತರಿಸಿ ಹೊಸ ಶ್ಯಾಕಲ್ ಹಾಕಿಕೊಳ್ಳಬಹುದು. ಹೊಸ ಶ್ಯಾಕಲ್ ಅಂದೆ, ಹಳೆಯದಲ್ಲ.